ಗೇಟಿನ ಎದುರು ಮೂವತ್ತನಾಲ್ಕು ನಿಮಿಷ

ಎಲ್ಲ ರಗಳೆಗೂ ಕಾರಣ ಹೆಬ್ಬೆರಳಿನಷ್ಟು ಉದ್ದದ ಒಂದು ಪೆನ್‌ಡ್ರೈವ್. ಅದರ ಹೊಟ್ಟೆಯಲ್ಲಿ ಒಂದು ಸಿನಿಮಾ ಇತ್ತು. ಸಿನಿಮಾದಲ್ಲಿ ಒಂದು ಗೇಟಿತ್ತು. ಆ ಗೇಟು ಮುಚ್ಚಿತ್ತು. ಮೂವತ್ತನಾಲ್ಕು ನಿಮಿಷವೂ ಮುಚ್ಚಿಯೇ ಇತ್ತು.

ದೋಹಾದ ಓಲ್ಡ್ ಏರ್‌ಪೋರ್ಟ್ ಏರಿಯಾದ ಫ್ಲ್ಯಾಟೊಂದರಲ್ಲಿ ಇಗ್ನೇಶಿಯಸ್ ಆ ಶುಕ್ರವಾರ ಬೆಳಿಗ್ಗೆ ಕನ್ನಡಿ ಎದುರು ನಿಂತು, ಕಿತ್ತಳೆ ಬಣ್ಣದ ದೊಡ್ಡ ದೊಡ್ಡ ಹೂಗಳಿರುವ ಅಂಗಿಯೊಂದರೊಳಗೆ ತನ್ನ ಐವತ್ತೇಳು ವರ್ಷದ ಹೊಟ್ಟೆಯನ್ನು ತುರುಕುತ್ತಿದ್ದ. ಅಂಗಿ ಅವನದ್ದಲ್ಲ. ಬೊಂಬಾಯಿಯ ಸೆರಾಫಿನ್ ಬಾಪ್ಪುವಿನದ್ದು, ಅಂದರೆ ಅಪ್ಪನ ತಮ್ಮನದ್ದು. ಅದನ್ನು ಹೊಲಿಸಿದ್ದು ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ. ಆಗ ಬಾಪ್ಪುವಿಗೆ ಭುಜದ ತನಕ ಕೂದಲು, ಸೊಂಟವೆಂಬುದು ಹೆಸರಿಗೆ ಮಾತ್ರ.

"ನಡುವಿನ ಗುಂಡಿ ಹಾಕ್ಬೇಡಿ. ಅದು ಹಾರಿ ಯಾರ ಕಣ್ಣಿಗಾದ್ರೂ ಬಿದ್ರೆ ಕೇಸಾಗ್ತದೆ" ಎಂದಳು ಹೆಂಡತಿ ಎಡ್ನಾ.

"ಈ ಅಂಗಿ ಹಾಕಿಯೇ ಬಾಪ್ಪು ಪೊಲೀಸರ ಎದುರು ಕ್ಯಾಮರಾ ಹಿಡಿದದ್ದು."

"ಅವರು ನಿಂತದ್ದು ಪೊಲೀಸರ ಎದುರು. ನೀವು ನಿಲ್ಲುದು ನಮ್ಮ ಕೂಟದ ಹೆಂಗಸರ ಎದುರು. ಒಳಗೊಂದು ಬನಿಯನ್ ಹಾಕಿ."

ಬಾಪ್ಪುವಿನ ಕತೆ ಇಷ್ಟು. ಅರವತ್ತರ ದಶಕದಲ್ಲಿ ಬೊಂಬಾಯಿಯಲ್ಲಿ ಐದು ಜನ ಹುಡುಗರು ಸೇರಿ ಒಂದು ಗುಂಪು ಕಟ್ಟಿದರು. ಗೋವಾಕ್ಕೆ ಹೋಗುವ ದಾರಿಯಲ್ಲಿ ಅವರ ಕೋಣೆಯಲ್ಲಿ ಮೂರು ತಿಂಗಳು ಬಿದ್ದುಕೊಂಡಿದ್ದ ಜರ್ಮನ್ ಹಿಪ್ಪಿ ಜೋಡಿಯೊಂದು ಹೋಗುವಾಗ ಕೃತಜ್ಞತೆಗೆ ಕ್ಯಾಮರಾ ಬಿಟ್ಟು ಹೋಗಿತ್ತು. ಕ್ಯಾಮರಾ ಸಿಕ್ಕಿದ ಮೇಲೆ ಒಂದು ಪ್ರಣಾಳಿಕೆ ಬೇಡವೇ? ಬರೆದರು. 'ಕತೆ ಎಂಬುದು ಅಫೀಮು. ಇಂಟರ್‌ವಲ್ ಎಂಬುದು ಲಂಚ. ಪ್ರೇಕ್ಷಕನ ಕುರ್ಚಿಯಲ್ಲಿ ಮುಳ್ಳಿರಬೇಕು.' ಆಮೇಲೆ ಬಾಗಿಲು ಹಾಕಿದ ಒಂದು ಬಟ್ಟೆ ಮಿಲ್ಲಿನ ಮುಂದೆ ಕ್ಯಾಮರಾ ಇಟ್ಟು ಸಿನಿಮಾ ಮಾಡಿದರು: 'ಗೇಟಿನ ಎದುರು ಮೂವತ್ತನಾಲ್ಕು ನಿಮಿಷ'. ಮೊದಲ ಆರು ನಿಮಿಷ ಬರೀ ಗೇಟು. ಆಮೇಲೆ ಕಪ್ಪು ತೆರೆ, ಅದರ ಮೇಲೆ ಸೂಜಿಯಲ್ಲಿ ಗೀಚಿದ ಒಂದು ಬಿಳಿ ನಂಬರು. ಮತ್ತೆ ಗೇಟು. ಮತ್ತೆ ನಂಬರು. ಹೀಗೆ ಐವತ್ತಾರು ನಂಬರುಗಳು. ಮಾತಿಲ್ಲ, ಸಂಗೀತವಿಲ್ಲ, ಕೆಮ್ಮೂ ಇಲ್ಲ.

ಮೊದಲ ಪ್ರದರ್ಶನದಲ್ಲಿ ಕನ್ನಡಕದ ದೊಡ್ಡ ದೊಡ್ಡ ಮನುಷ್ಯರು ಬಂದರು, ಹತ್ತನೇ ನಿಮಿಷಕ್ಕೆ ಎದ್ದು ಹೋದರು. ಕೊನೆಗೆ ಉಳಿದದ್ದು ಪ್ರೊಜೆಕ್ಟರಿನವನು, ಅವನೂ ಪ್ರೊಜೆಕ್ಟರ್ ಬಿಟ್ಟು ಹೋಗುವ ಹಾಗಿಲ್ಲ ಎಂದು. ಬಾಪ್ಪು ಆಮೇಲೆ ಕ್ಯಾಮರಾ ಮುಟ್ಟಲಿಲ್ಲ. ಇಗ್ನೇಶಿಯಸ್ ಹದಿನಾಲ್ಕು ವರ್ಷದವನಿದ್ದಾಗ ರಜೆಯಲ್ಲಿ ಬೊಂಬಾಯಿಗೆ ಹೋದವನಿಗೆ ಗೋಡೆಗೆ ಬೆಡ್‌ಶೀಟ್ ಕಟ್ಟಿ ಅದನ್ನು ತೋರಿಸಿದ್ದರು. ಒಂಬತ್ತನೇ ನಿಮಿಷಕ್ಕೆ ಹುಡುಗ ಗೊರಕೆ ಹೊಡೆದ. ಬಾಪ್ಪು ಬಯ್ಯಲಿಲ್ಲ, ಹೊದಿಕೆ ಹೊದಿಸಿದರು. ಆ ಹೊದಿಕೆಯ ಭಾರ ಇಗ್ನೇಶಿಯಸನ ಮೈಮೇಲೆ ಇವತ್ತಿಗೂ ಇದೆ.

ಈಗ ಬಾಪ್ಪುವಿಗೆ ಎಂಬತ್ತಮೂರು. ಬೊರಿವಲಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಕಳೆದ ಈಸ್ಟರಿಗೆ ಫೋನಿನಲ್ಲಿ ಹೇಳಿದ್ದರು: "ಇಗ್ನೇಶ್, ಒಂದೇ ಒಂದು ಸಲ, ಹಾಲ್ ತುಂಬ ಜನ ಕೊನೆ ತನಕ ಕೂತುಕೊಂಡು ಆ ಫಿಲ್ಮ್ ನೋಡಿದ್ರೆ ಸಾಕು ಮಾರಾಯ. ಆಮೇಲೆ ದೇವರು ಕರೆದ್ರೆ ಇಂಟರ್‌ವಲ್ ಕೇಳುದಿಲ್ಲ."

ಅವತ್ತೇ ಇಗ್ನೇಶಿಯಸ್ ಪಣ ತೊಟ್ಟ. ಕರಾವಳಿ ಬಾಂಧವ್ಯ ಕೂಟದ ವಾರ್ಷಿಕ ಸ್ನೇಹಕೂಟದಲ್ಲಿ ಈ ಸಿನಿಮಾ ಆಗಬೇಕು. ಅಧ್ಯಕ್ಷ ಟೋನಿ ಮೊದಲು ಒಪ್ಪಲಿಲ್ಲ. ಆದರೆ ಇಗ್ನೇಶಿಯಸ್ ಕಂಟ್ರಾಕ್ಟಿಂಗ್ ಕಂಪೆನಿಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಡಾಕ್ಯುಮೆಂಟ್ ಕಂಟ್ರೋಲರ್. ಅವನ ಸೀಲಿಲ್ಲದೆ ಅಲ್ಲಿ ಬಚ್ಚಲುಮನೆಯ ನಕ್ಷೆಯೂ ಹೊರಗೆ ಹೋಗುವುದಿಲ್ಲ. ಕೂಟದ ಬೈಲಾ, ಮೆಂಬರ್ ಪಟ್ಟಿ, ಆಟೋಟದ ನಿಯಮಾವಳಿಗಳು, ಬ್ಯಾನರು ಎಲ್ಲವೂ ಅವನ ಕಪಾಟಿನಲ್ಲೇ ಇದ್ದವು. "ನನ್ನ ಬಾಪ್ಪುವಿನ ಸಿನಿಮಾ ಇಲ್ಲ ಅಂದ್ರೆ ಕಪಾಟಿನ ಬೀಗದಕೈಯೂ ಇಲ್ಲ" ಎಂದ. ಟೋನಿ ಮೆತ್ತಗಾದ.

"ಎರಡು ಕಂಡೀಷನ್" ಎಂದು ಇಗ್ನೇಶಿಯಸ್ ಬೆರಳು ಎತ್ತಿದ್ದ. "ಒಂದು, ಒಂದು ಸೆಕೆಂಡೂ ಕಟ್ ಮಾಡ್ಲಿಕ್ಕಿಲ್ಲ. ಎರಡು, ಆ ದಿನ ಹೌಸಿ ಇಲ್ಲ."

ಟೋನಿಗೆ ಎದೆಗೆ ಒದ್ದ ಹಾಗಾಯಿತು. ಮಂಗಳೂರು ಕಡೆಯ ಕ್ರೈಸ್ತರ ಕೂಟದಲ್ಲಿ ಪ್ರಾರ್ಥನೆ ಮರೆತರೂ ಹೌಸಿ ಮರೆಯುವವರಿಲ್ಲ. ಕೈಗೊಂದು ಟಿಕೆಟು, ಅದರಲ್ಲಿ ಮೂರು ಸಾಲಿಗೆ ಹದಿನೈದು ನಂಬರು, ಮೈಕಿನಲ್ಲಿ ತೊಂಬತ್ತರೊಳಗಿನ ಒಂದೊಂದೇ ನಂಬರು ಕೂಗಿದ ಹಾಗೆ ಗೀಟು ಹಾಕುವುದು, ಎಲ್ಲಕ್ಕೂ ಮೊದಲು ಗೀಟು ಬಿದ್ದವನಿಗೆ ಫುಲ್ ಹೌಸ್! ಕೂಟದ ಬ್ಯಾರಿ ಮುಸ್ಲಿಮರೂ ಮೈಸೂರಿನವರೂ ಸಹ ಈಗ ಇದರ ದಾಸರು.

"ಎಂತ ಮಾತು ಇದು ಮಾರಾಯ? ಹೌಸಿ ಇಲ್ಲದೆ ಸ್ನೇಹಕೂಟವಾ? ಬಂಗುಡೆ ಇಲ್ಲದ ಸಾರಾ?"

"ಟೋನಿ, ಆ ಸಿನಿಮಾದಲ್ಲಿ ಬರುವ ನಂಬರು ಎಂತದ್ದು ಗೊತ್ತುಂಟಾ? ಕೆಲಸದಿಂದ ಹೊರಗೆ ಹಾಕಿದ ಕಾರ್ಮಿಕರ ಟೋಕನ್ ನಂಬರು! ಬಂಡವಾಳ ಮನುಷ್ಯನನ್ನು ನಂಬರು ಮಾಡಿದ್ದನ್ನು ತೋರಿಸಿದ ಮೇಲೆ 'ಟಾಪ್ ಲೈನ್, ಬಾಟಮ್ ಲೈನ್' ಅಂತ ಕೂಗ್ಲಿಕ್ಕೆ ನಾಚಿಕೆ ಆಗ್ಬೇಕು."

"ಆಯ್ತು, ಆಯ್ತು. ಹೌಸಿ ಮಾಡುದಿಲ್ಲ. ಖಲಾಸ್" ಎಂದಿದ್ದ ಟೋನಿ. ಹಾಗೆ ಹೇಳುವಾಗ ಅವನ ಕಣ್ಣು ಛಾವಣಿ ನೋಡುತ್ತಿತ್ತು.

ಚರ್ಚಿನಲ್ಲಿ ಶುಕ್ರವಾರದ ಪೂಜೆ ಮುಗಿಸಿ ಬಂದ ಕೂಡಲೇ ಮೊದಲ ಆಘಾತ ಎದುರುಮನೆಯಿಂದ ಬಂತು. ಎದುರುಮನೆ ರಾಮಸ್ವಾಮಿ ಮೈಸೂರಿನವರು, ಏಸಿ ಇಂಜಿನಿಯರು. ಯಾರು ಏನು ಕೊಟ್ಟರೂ ಬಿಚ್ಚಿ ಸರಿ ಮಾಡಿ ಕೊಡದೆ ಇರಲಾರರು. ಪ್ರೊಜೆಕ್ಟರಿಗೆ ಹೊಂದುತ್ತದಾ ನೋಡಿ ಎಂದು ಪೆನ್‌ಡ್ರೈವಿನ ಕಾಪಿಯೊಂದನ್ನು ಕೊಟ್ಟದ್ದೇ ತಪ್ಪಾಗಿತ್ತು.

"ಸಾರ್, ಬನ್ನಿ ಬನ್ನಿ, ಸರ್ಪ್ರೈಸ್ ಇದೆ" ಎಂದು ಲ್ಯಾಪ್‌ಟಾಪ್ ತಿರುಗಿಸಿದರು. "ಸ್ವಲ್ಪ ಸ್ಲೋ ಇತ್ತು ಅನ್ನಿಸ್ತು. ಹನ್ನೆರಡು ನಿಮಿಷಕ್ಕೆ ತಂದಿದೀನಿ. ಹಿಂದ್ಗಡೆ ಕೊಳಲು ಹಾಕಿದೀನಿ. ಕೊನೇಲಿ ನೋಡಿ ಸಾರ್, ಗ್ರಾಫಿಕ್ಸ್‌ನಲ್ಲಿ ಗೇಟು ಓಪನ್ ಆಗುತ್ತೆ! ಒಳ್ಗಡೆ ಸೂರ್ಯೋದಯ!"

ಇಗ್ನೇಶಿಯಸ್ ಬಾಗಿಲ ಚೌಕಟ್ಟು ಹಿಡಿದುಕೊಂಡ. "ರಾಮಸ್ವಾಮಿಯವರೇ, ಐವತ್ತಾರು ವರ್ಷದಿಂದ ಮುಚ್ಚಿದ ಗೇಟು ಅದು. ಸರಕಾರಕ್ಕೆ ತೆಗೆಸ್ಲಿಕ್ಕೆ ಆಗ್ಲಿಲ್ಲ. ನೀವು ಯಾರು ತೆಗೀಲಿಕ್ಕೆ?"

"ಜನಕ್ಕೆ ಒಂದು ಹೋಪ್ ಬೇಕಲ್ವ ಸಾರ್?"

"ಬೇಡ. ಮುಳ್ಳು ಬೇಕು."

ರಾಮಸ್ವಾಮಿ ಅಷ್ಟೇ ಉತ್ಸಾಹದಲ್ಲಿ ಗೇಟು ಮತ್ತೆ ಮುಚ್ಚಿ ಕೊಟ್ಟರು.

ಮಧ್ಯಾಹ್ನ ಎರಡೂವರೆಗೆ ಅಲ್ ಮನ್ಸೂರಾದ ರೆಸ್ಟೊರೆಂಟೊಂದರ ಮೇಲಿನ ಪಾರ್ಟಿ ಹಾಲ್ ತಲುಪಿದಾಗ ಎರಡನೇ ಆಘಾತ ಕಾದಿತ್ತು. ಸಿನಿಮಾದ ಹಿನ್ನೆಲೆ, ಪ್ರಣಾಳಿಕೆ, ಟೋಕನ್ ನಂಬರಿನ ಅರ್ಥ ಎಲ್ಲ ವಿವರಿಸಿ ಇಗ್ನೇಶಿಯಸ್ ನಾಲ್ಕು ಪುಟದ ಕೈಪಿಡಿ ಬರೆದು ನೂರೈವತ್ತು ಪ್ರತಿ ತೆಗೆಸಿದ್ದ. ಪ್ರತಿಯೊಂದರ ಮೇಲೂ ಸೀಲು. ಆ ಕಟ್ಟನ್ನು ಎಡ್ನಾ ಮುಂದಾಗಿ ರಾಮಸ್ವಾಮಿಯವರ ಹೆಂಡತಿ ಕಾಂತಾಮಣಿಯ ಕಾರಿನಲ್ಲಿ ಕಳಿಸಿದ್ದಳು. ಕಾಂತಾಮಣಿಗೆ ಚುರುಮುರಿಯ ಜವಾಬ್ದಾರಿ. ಹಾಲಿನ ಬಾಗಿಲಲ್ಲಿ ಅವರು ಕುಶಲದಿಂದ ಕಾಗದ ಸುತ್ತಿ, ಚುರುಮುರಿ ತುಂಬಿ, ಮೇಲೆ ಕೊತ್ತಂಬರಿ ಉದುರಿಸಿ ಕೊಡುತ್ತಿದ್ದರು.

ಇಗ್ನೇಶಿಯಸ್ ಒಂದು ಪೊಟ್ಟಣ ತೆಗೆದು ನೋಡಿದ. 'ಕತೆ ಎಂಬುದು ಅಫೀಮು' ಎಂಬುದರ ಮೇಲೆ ಈರುಳ್ಳಿ ಅಂಟಿತ್ತು.

"ಕಾಂತಾಮಣಿಯವರೇ, ಇದು..."

"ಖಾರ ಜಾಸ್ತಿ ಆಯ್ತಾ? ಪೇಪರ್ ತುಂಬಾ ಚೆನ್ನಾಗಿದೆ ಕಣ್ರೀ, ಎಣ್ಣೆ ಹೀರ್ಕೊಳ್ಳಲ್ಲ. ಎಲ್ಲಿ ತಂದಿದ್ದು?"

ಅಷ್ಟರಲ್ಲಿ ಯಾರೋ ಅವನ ಕೈಗೆ ಒಂದು ಚೀಟಿ ತುರುಕಿದರು. ನೋಡಿದರೆ ಹೌಸಿ ಟಿಕೆಟು! ತುರುಕಿದವರು ಮಹಮೂದ್, ಕಾಪು ಕಡೆಯವರು, ಬಿನ್ ಒಮ್ರಾನಿನಲ್ಲಿ ಸೂಪರ್‌ಮಾರ್ಕೆಟ್ ಇಟ್ಟವರು, ಕೂಟದ ಪ್ರಾಯೋಜಕರು.

"ಮಹಮೂದಾಕ, ಎಂತ ಇದು? ಹೌಸಿ ಇಲ್ಲ ಅಂತ ತೀರ್ಮಾನ ಆಗಿದೆ!"

"ಹೌಸಿ ಎಲ್ಲುಂಟು ಪೊರ್ಬುಗಳೇ?" ಎಂದರು ಅವರು, ಊರಿನಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆ. "ತಿರುಗಿಸಿ ನೋಡಿ. ಇದು ನನ್ನ ಅಂಗಡಿಯ ಜಾಹೀರಾತು. ಅಯಿಲೆ ಮೀನಿನ ಆಫರ್ ಉಂಟು, ಬಾಸ್ಮತಿ ಆಫರ್ ಉಂಟು. ಎದುರು ಬದಿಯಲ್ಲಿ ಎಂತದೋ ನಾಲ್ಕು ನಂಬರು ಇದ್ರೆ ನಿಮಗೇನು ಕಷ್ಟ? ಪ್ರಿಂಟ್ ಆಗಿ ಹೋಗಿತ್ತು ಮಾರಾಯ್ರೆ, ಬಿಸಾಡ್ಲಿಕ್ಕಾಗ್ತದಾ?"

"ಮತ್ತೆ ಅದು?" ಇಗ್ನೇಶಿಯಸ್ ವೇದಿಕೆ ತೋರಿಸಿದ. ಮೇಜಿನ ಮೇಲೆ ಕುಕ್ಕರು, ಫ್ಲಾಸ್ಕು, ಮಿಕ್ಸರು, ಇಸ್ತ್ರಿಪೆಟ್ಟಿಗೆ. ನಡುವೆ ಬಣ್ಣದ ಕಾಗದದಲ್ಲಿ ಒಂದು ದೊಡ್ಡ ಲಕೋಟೆ: 'ದೋಹಾ – ಮುಂಬಯಿ – ದೋಹಾ, ಇಬ್ಬರಿಗೆ.'

"ಅದು ಸುಮ್ಮನೆ. ಶೋಭೆಗೆ" ಎಂದ ಟೋನಿ ಹಿಂದಿನಿಂದ. ಅವನ ಕಣ್ಣು ಮತ್ತೆ ಛಾವಣಿಯಲ್ಲಿತ್ತು.

ಲಕೋಟೆ ನೋಡಿ ಎಡ್ನಾಳ ಮುಖ ಅರಳಿತು. "ನನಗೆ ಎರಡು ಟಿಕೆಟ್ ಸಿಕ್ಕಿದೆ. ಒಂದು ನಿಮ್ಮ ಹತ್ರ ಇರ್ಲಿ, ಶಕುನಕ್ಕೆ" ಎಂದು ಹೂವಿನ ಅಂಗಿಯ ಜೇಬಿಗೆ ಒಂದು ಟಿಕೆಟ್ ತುರುಕಿದಳು. "ಬಾಪ್ಪುವನ್ನು ನೋಡ್ದೆ ನಾಲ್ಕು ವರ್ಷ ಆಯ್ತಲ್ಲ."

"ಎಡ್ನಾ, ಇವತ್ತು ಹೌಸಿ ಇಲ್ಲ!"

"ಆಯ್ತಪ್ಪ, ಇಲ್ಲ. ಜೇಬಿನಲ್ಲಿದ್ರೆ ಕಚ್ಚುದಿಲ್ಲ."

ಮೂರು ಗಂಟೆ. ಸ್ವಾಗತ, ದೀಪ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಮುಗಿಯಿತು. ತೆರೆಯ ಪಕ್ಕದ ಇನ್ನೊಂದು ಲ್ಯಾಪ್‌ಟಾಪಿನಲ್ಲಿ ಸೆರಾಫಿನ್ ಬಾಪ್ಪು ವೀಡಿಯೊ ಕಾಲ್‌ನಲ್ಲಿ ಕಾಣಿಸಿಕೊಂಡರು. ತಲೆ ಬೋಳು, ಹುಬ್ಬು ಮಾತ್ರ ಹಿಪ್ಪಿಯದ್ದೇ. ಅವರ ಆಸೆಯಂತೆ ಕ್ಯಾಮರಾವನ್ನು ಪ್ರೇಕ್ಷಕರ ಕಡೆ ತಿರುಗಿಸಲಾಗಿತ್ತು. "ನನ್ನ ಫಿಲ್ಮ್ ನಾನು ನೋಡಿದ್ದೇನೆ. ನನಗೆ ಜನ ನೋಡ್ಬೇಕು" ಎಂದಿದ್ದರು. ಹತ್ತಿರ ಬಂದು ಹೇಳಿದ್ದು ಬಿಟ್ಟರೆ ಹಾಲಿನ ಮಾತು ಅವರಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ.

ಇಗ್ನೇಶಿಯಸ್ ಮೈಕು ಹಿಡಿದ. ನಡುಗುಂಡಿ ಆಗಲೇ ಹಾರಿತ್ತು. "ಆತ್ಮೀಯರೇ, ಈ ಸಿನಿಮಾ ನಿಮ್ಮನ್ನು ಖುಷಿ ಮಾಡುದಿಲ್ಲ. ಮಾಡ್ಲಿಕ್ಕೂ ಇಲ್ಲ. ಎದ್ದು ಹೋಗುವವರು ಈಗಲೇ ಹೋಗಿ!"

ಯಾರೂ ಹೋಗಲಿಲ್ಲ. ಬಿರಿಯಾನಿ ಇನ್ನೂ ಬಂದಿರಲಿಲ್ಲ.

ದೀಪ ಆರಿತು. ಗೇಟು ಬಂತು. ಒಂದು ನಿಮಿಷ. ಎರಡು ನಿಮಿಷ. ಚುರುಮುರಿ ಜಗಿಯುವ ಸದ್ದು ಮಾತ್ರ, ಗೋಣಿಯೊಳಗೆ ಇಲಿ ಹೊಕ್ಕ ಹಾಗೆ. ಮೂರನೇ ನಿಮಿಷಕ್ಕೆ ಕುರ್ಚಿಗಳು ಕಿರುಗುಟ್ಟಿದವು. "ಇದು ಹ್ಯಾಂಗ್ ಆಗಿದ್ಯಾ?" ಎಂದು ಯಾರೋ ಕೇಳಿದರು. "ಸಾರ್, ಬೇಕಾದ್ರೆ ಕೊಳಲು ಇದೆ" ಎಂದು ಪ್ರೊಜೆಕ್ಟರ್ ಪಕ್ಕದಿಂದ ರಾಮಸ್ವಾಮಿ ಪಿಸುಗುಟ್ಟಿದರು. ಐದನೇ ನಿಮಿಷಕ್ಕೆ ಹಿಂದಿನ ಸಾಲು ಎದ್ದು ನಿಂತಿತು. ಇಗ್ನೇಶಿಯಸನ ಎದೆ ಹಳೆಯ ಫ್ರಿಜ್ಜಿನಂತೆ ಗಡಗಡ ಎಂದಿತು. ಮುಗಿಯಿತು. ಮತ್ತೆ ಬೊಂಬಾಯಿಯೇ.

ಆಗ ತೆರೆ ಕಪ್ಪಾಯಿತು. ನಡುವೆ ಬೆಳ್ಳಗೆ ಒಂದು ನಂಬರು: 47.

ಎದ್ದವರು ತಟಕ್ಕನೆ ಕೂತರು.

ಅರ್ಧ ನಿಮಿಷದ ಗೇಟಿನ ನಂತರ: 12. ಆಮೇಲೆ 80. ಇಗ್ನೇಶಿಯಸ್ ಮೊದಲ ಸಾಲಿನಿಂದ ಮೆಲ್ಲಗೆ ಹಿಂತಿರುಗಿ ನೋಡಿದ. ನಂಬರು ಬಂದ ಕೂಡಲೇ ನೂರಿಪ್ಪತ್ತು ತಲೆಗಳು ಒಟ್ಟಿಗೆ ಕೆಳಗೆ ಬಾಗುತ್ತಿದ್ದವು. ಕೆಲಸ ಕಳೆದುಕೊಂಡ ಒಬ್ಬೊಬ್ಬ ಕಾರ್ಮಿಕನಿಗೂ ತಲೆ ಬಾಗಿಸುತ್ತಿದ್ದಾರೆ! ಕೆಲವರ ಕೈಯಲ್ಲಿ ಪೆನ್ನಿತ್ತು. ನೋಟ್ಸ್ ಬರೆದುಕೊಳ್ಳುತ್ತಿದ್ದಾರೆ! ಬಾಪ್ಪು, ನೋಡಿ ಬಾಪ್ಪು, ಇದು ನಮ್ಮ ಜನ!

ಹನ್ನೊಂದನೇ ನಂಬರು ಬಂದಾಗ ಕತ್ತಲಿನಿಂದ ಕಾಂತಾಮಣಿಯ ದನಿ ಸಿಡಿಯಿತು: "ಯೆಸ್!"

ಇಗ್ನೇಶಿಯಸನಿಗೆ ರೋಮಾಂಚನವಾಯಿತು. ಒಬ್ಬ ಹೆಣ್ಣುಮಗಳ ಎದೆಯಾಳದಿಂದ ಬಂದ 'ಹೌದು' ಅದು. ಟೋನಿ ಬಗ್ಗಿ ಬಗ್ಗಿ ಹೋಗಿ ಅವರ ಕೈಗೆ ಫ್ಲಾಸ್ಕು ಕೊಟ್ಟದ್ದೂ ಕಾಣಿಸಿತು. ಪಾಪ, ಭಾವುಕರಾದವರಿಗೆ ನೀರು ಕೊಡುತ್ತಿದ್ದಾನೆ. ಟೋನಿಯೊಳಗೂ ಒಬ್ಬ ಮನುಷ್ಯ ಇದ್ದಾನೆ.

ಮುಂದಿನ ಏಳು ನಿಮಿಷ ಇಗ್ನೇಶಿಯಸನ ಜೀವಮಾನದ ಅತಿ ಸುಖದ ನಿಮಿಷಗಳು. ಆಮೇಲೆ ತೆರೆಯ ಮೇಲೆ 63 ಬಂತು. ಪ್ರೊಜೆಕ್ಟರಿನ ಪಕ್ಕದಿಂದಲೇ ರಾಮಸ್ವಾಮಿ ಕುಣಿದೆದ್ದರು.

"ಟಾಪ್ ಲೈನ್! ಸಾರ್, ಟಾಪ್ ಲೈನ್!"

ಕತ್ತಲಲ್ಲಿ ಒಂದು ಕ್ಷಣ ಇಗ್ನೇಶಿಯಸನಿಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಎದ್ದವನೇ ಹೋಗಿ ಸಿನಿಮಾ ಓಡುತ್ತಿದ್ದ ಲ್ಯಾಪ್‌ಟಾಪಿನ ಗುಂಡಿ ಒತ್ತಿದ. ಸಿನಿಮಾ 63ರಲ್ಲಿ ನಿಂತಿತು.

"ಲೈಟ್ ಹಾಕಿ!"

ಬೆಳಕಾಯಿತು. ನೂರಿಪ್ಪತ್ತು ಜನರ ಮಡಿಲಲ್ಲಿ ನೂರಿಪ್ಪತ್ತು ಟಿಕೆಟು.

"ನಾಚಿಕೆ ಆಗುದಿಲ್ವಾ ನಿಮಗೆ?" ಎಂದು ಇಗ್ನೇಶಿಯಸ್ ಗುಡುಗಿದ. "ಇದು ಹೌಸಿ ಅಲ್ಲ! ಇದು ಅನ್ನ ಕಳಕೊಂಡವರ ಲೆಕ್ಕ! ಆ ಅರವತ್ತಮೂರು ಒಬ್ಬ ಮನುಷ್ಯ! ಅವನಿಗೊಂದು ಹೆಸರಿತ್ತು, ಹೆಂಡತಿ ಇದ್ದಳು, ಮಕ್ಕಳಿದ್ದರು!"

"ನನಗೂ ಅರವತ್ತಮೂರು ಉಂಟು" ಎಂದಿತು ಹಿಂದಿನಿಂದ ಒಂದು ಕ್ಷೀಣ ದನಿ.

"ನಾವೆಲ್ಲ ಇಲ್ಲಿ ಕೊರಳಿಗೆ ನಂಬರು ಕಟ್ಟಿಕೊಂಡು ದುಡಿಯುವವರೇ ಅಲ್ವಾ? ಸ್ಟಾಫ್ ನಂಬರು, ಐಡಿ ನಂಬರು, ಕ್ಯಾಂಪ್ ನಂಬರು! ವರ್ಷಕ್ಕೆ ಒಂದು ದಿನ, ಅರ್ಧ ಗಂಟೆ, ಮನುಷ್ಯರಾಗಿ ಕೂತುಕೊಳ್ಲಿಕ್ಕೆ ಆಗುದಿಲ್ವಾ? ನನ್ನ ಮಟ್ಟಿಗೆ ಹೌಸಿಗೆ ಇದೇ ಉತ್ತರ!" ಎಂದು ಜೇಬಿನಿಂದ ಆ ಟಿಕೆಟನ್ನು ಎಳೆದು, ಎಲ್ಲರಿಗೂ ಕಾಣುವ ಹಾಗೆ ಮೇಲೆತ್ತಿ, ಪರ್ರನೆ ಎರಡು ಮಾಡಿ, ಎರಡನ್ನು ನಾಲ್ಕು ಮಾಡಿ ನೆಲಕ್ಕೆ ಬಿಸಾಡಿದ.

ಎಡ್ನಾ ಕಣ್ಣು ಮುಚ್ಚಿಕೊಂಡಳು.

ಹಾಲಿನಲ್ಲಿ ಚಪ್ಪಾಳೆ ಬಿತ್ತು, ಸುಳ್ಳಲ್ಲ. "ಒಳ್ಳೆ ಮಾತು ಇಗ್ನೇಶಿಯಸಣ್ಣ. ಬಹಳ ಒಳ್ಳೆ ಮಾತು" ಎಂದರು ಮಹಮೂದ್ ಎದ್ದು ನಿಂತು. "ಈಗ ನೆಕ್ಸ್ಟ್ ನಂಬರು ಬಿಡಿ. ಯಲ್ಲಾ, ನನಗೆ ಬಾಟಮ್ ಲೈನಿಗೆ ಒಂದೇ ಬಾಕಿ."

"ಬಿಡುದಿಲ್ಲ! ಶೋ ಬಂದ್!"

ಆಗ ಬಾಪ್ಪುವಿನ ಲ್ಯಾಪ್‌ಟಾಪ್ ಕೆಮ್ಮಿತು. "ಇಗ್ನೇಶ್, ಯಾಕೆ ನಿಂತಿತು?"

ಇಗ್ನೇಶಿಯಸನ ಕೋಪ ಉಗುರುಬೆಚ್ಚಗಾಯಿತು. ಮುದುಕರ ಕಣ್ಣು ಒದ್ದೆಯಾಗಿತ್ತು. "ಹದಿನೆಂಟು ನಿಮಿಷ ಆಯ್ತು ಮಾರಾಯ. ಒಬ್ಬನೂ ಎದ್ದು ಹೋಗ್ಲಿಲ್ಲ. ಎಂಥ ಜನ ಅವರು! ನಾನು ಎಣಿಸ್ತಾ ಇದ್ದೇನೆ. ಒಬ್ಬನೂ ಹೋಗ್ಲಿಲ್ಲ ಅಲ್ವಾ?"

ಸತ್ಯ ಹೇಳಿದರೆ ಮುದುಕರ ಎದೆ ಒಡೆಯುತ್ತದೆ. ಶೋ ನಿಲ್ಲಿಸಿದರೆ ಜನ ಎದ್ದು ಬಿರಿಯಾನಿಗೆ ಹೋಗುತ್ತಾರೆ. ಇಗ್ನೇಶಿಯಸ್ ಲ್ಯಾಪ್‌ಟಾಪಿನ ಕಡೆ ಬಗ್ಗಿದ. "ಇಲ್ಲ ಬಾಪ್ಪು. ಒಬ್ಬರೂ ಹೋಗ್ಲಿಲ್ಲ. ಪ್ರೊಜೆಕ್ಟರ್ ಕೈಕೊಟ್ಟಿತು."

"ಹಾಗಾದ್ರೆ ಓಡಿಸು, ಓಡಿಸು!"

ಓಡಿಸಿದ. ಆದರೆ ಸೋತು ಕೂರಲಿಲ್ಲ. ಜನರಿಗೆ ಬೆನ್ನು ಹಾಕಿ, ಎದೆಯ ಮೇಲೆ ಕೈ ಕಟ್ಟಿ, ತೆರೆಯನ್ನೇ ನೋಡುತ್ತ ಕಂಬದಂತೆ ನಿಂತ. ಇಡೀ ಹಾಲಿನಲ್ಲಿ ಸಿನಿಮಾ ನೋಡುತ್ತಿದ್ದವನು ಅವನೊಬ್ಬನೇ. ಹಿಂದಿನಿಂದ "ಬಾಟಮ್ ಲೈನ್!" "ಮಿಡಲ್ ಲೈನ್!" ಎಂದು ಕೂಗು ಎದ್ದಾಗಲೆಲ್ಲ ಅವನ ಭುಜ ಇನ್ನಷ್ಟು ಬಿಗಿಯುತ್ತಿತ್ತು. ಇಸ್ತ್ರಿಪೆಟ್ಟಿಗೆ ಹೋಯಿತು. ಕುಕ್ಕರು, ಮಿಕ್ಸರು ಹೋದವು. ಲಕೋಟೆ ಉಳಿಯಿತು. ಅವನ ಕಾಲ ಬುಡದಲ್ಲಿ ಏನೋ ಸರಿದಾಡಿದ ಹಾಗಾಯಿತು. ನೋಡಲಿಲ್ಲ.

ಐವತ್ತಾರನೇ ನಂಬರು ಬಂತು. ಮತ್ತೆ ಗೇಟು. ಆಮೇಲೆ ಬರೀ ಕಪ್ಪು. ಸಿನಿಮಾ ಮುಗಿಯಿತು.

ಹಾಲ್ ಭುಗಿಲ್ಲನೆ ಎದ್ದಿತು.

"ಹೇ, ಮುಗಿಯಿತಾ? ಮುಗೀಲಿಕ್ಕೆ ಹೇಗಾಗ್ತದೆ?"

"ನನಗೆ ಒಂದೇ ಬಾಕಿ!"

"ನನಗೂ ಒಂದೇ! ಇನ್ನೂ ಹಾಕಿ!"

"ಇನ್ನೂ ಬೇಕು! ಇನ್ನೂ ಬೇಕು!" ಎಂದು ಚುರುಮುರಿ ಪೊಟ್ಟಣಗಳನ್ನು ಎತ್ತಿ ಹಿಡಿದು ನೂರಿಪ್ಪತ್ತು ಜನ ಕೂಗಿದರು. ಪ್ರಯೋಗಾತ್ಮಕ ಸಿನಿಮಾವೊಂದು ಸಾಲಲಿಲ್ಲ ಎಂದು ಜನ ದಂಗೆ ಎದ್ದದ್ದು ಜಗತ್ತಿನಲ್ಲಿ ಅದೇ ಮೊದಲಿರಬೇಕು.

"ಇಗ್ನೇಶ್" ಎಂದರು ಬಾಪ್ಪು. "ಅವರೆಂತ ಕೇಳುದು?"

"ಇನ್ನೂ ಬೇಕಂತೆ ಬಾಪ್ಪು." ಇನ್ನು ಸುಳ್ಳು ಸಾಗುವುದಿಲ್ಲ. "ಬಾಪ್ಪು, ಕ್ಷಮಿಸಿ. ಈ ಜನ ನಿಮ್ಮ ಸಿನಿಮಾ ನೋಡ್ಲಿಲ್ಲ. ಇವರು... ಇವರು ಹೌಸಿ ಆಡಿದ್ರು."

ಟೋನಿ ಕುತೂಹಲಕ್ಕೆ ಮೈಕನ್ನು ಲ್ಯಾಪ್‌ಟಾಪಿನ ಬಾಯಿಗೆ ಹಿಡಿದ. ಸ್ಪೀಕರಿನಲ್ಲಿ ಒಂದು ನಗೆ ಹೊರಟಿತು, ತಗಡಿನ ಮೇಲೆ ಗೋಡಂಬಿ ಬೀಜ ಸುರಿದ ಹಾಗೆ.

"ಮತ್ತೆ ಅದು ಹೌಸಿಯೇ ಅಲ್ವಾ ಮಾರಾಯ!"

"ಬಾಪ್ಪು?"

"ಮಿಲ್ಲು ಮುಚ್ಚಿ ನಲ್ವತ್ತು ದಿನ ಆಗಿತ್ತು. ಗೇಟಿನ ಎದುರು ಸಭೆ ಮಾಡ್ಲಿಕ್ಕಿಲ್ಲ ಅಂತ ಆರ್ಡರ್. ಭಾಷಣ ಬ್ಯಾನು, ಘೋಷಣೆ ಬ್ಯಾನು, ಬಾವುಟ ಬ್ಯಾನು. ನಂಬರು ಬ್ಯಾನ್ ಮಾಡ್ಲಿಕ್ಕೆ ಅವರಿಗೆ ನೆನಪಾಗ್ಲಿಲ್ಲ! ಹೆಂಗಸರು ಹೌಸಿ ಇಟ್ಟರು. ಗೆದ್ದವರಿಗೆ ಒಂದು ಸೇರು ತೊಗರಿಬೇಳೆ. ಎಂಟುನೂರು ಜನ ಗೇಟಿನ ಎದುರು ಟಿಕೆಟ್ ಹಿಡ್ಕೊಂಡು ಕೂತರು, ಪೊಲೀಸರು ಬಾಯಿ ಬಿಟ್ಟು ನೋಡಿದ್ರು. ನಂಬರು ಕೂಗಿದ್ದು ನಾನು, ಈ ಹೂವಿನ ಅಂಗಿಯಲ್ಲೇ. ಐವತ್ತಾರು ನಂಬರು ಕೂಗಿದ ಮೇಲೆ ಅವರಿಗೆ ಬುದ್ಧಿ ಬಂತು. ಲಾಠಿ ಬೀಸಿದ್ರು. ಅದಕ್ಕೇ ಫಿಲ್ಮ್ ಅಲ್ಲಿಗೇ ನಿಲ್ತದೆ."

ಇಗ್ನೇಶಿಯಸ್ ತೊದಲಿದ: "ಆದ್ರೆ... ಟೋಕನ್ ನಂಬರು? ನಾನು ಕೈಪಿಡಿಯಲ್ಲಿ ಬರೆದಿದ್ದೇನೆ..."

"ಮಿಲ್ಲಿನ ಟೋಕನ್ ನಾಲ್ಕು ಅಂಕೆಯದ್ದು ಮಾರಾಯ. ತೊಂಬತ್ತರೊಳಗೆ ಮುಗೀಲಿಕ್ಕೆ ಅದೇನು ಕಟಿಂಗ್ ಶಾಪಾ?"

"ನೀವು ಯಾವತ್ತೂ ಹೇಳ್ಲಿಲ್ಲವಲ್ಲ ಬಾಪ್ಪು!"

"ನೀನು ಯಾವತ್ತು ಕೇಳಿದ್ದಿ? ಫೋನ್ ಮಾಡಿದಾಗೆಲ್ಲ ನೀನೇ ಹೇಳ್ತಾ ಇದ್ದಿ. ಒಳ್ಳೆ ಚಂದ ಹೇಳ್ತಿ ಅಂತ ನಾನೂ ಕೇಳ್ತಾ ಕೂತೆ." ಬಾಪ್ಪು ಮೂಗು ಒರೆಸಿಕೊಂಡರು. "ಕನ್ನಡಕದವರು ಎದ್ದು ಹೋದದ್ದು ಯಾಕೆ ಅಂತ ಈಗ ಗೊತ್ತಾಯ್ತು. ಅವರ ಕೈಯಲ್ಲಿ ಟಿಕೆಟ್ ಇರ್ಲಿಲ್ಲ! ಇರ್ಲಿ. ಫುಲ್ ಹೌಸ್ ಯಾರಿಗಾದ್ರೂ ಆಯ್ತಾ?"

"ಇಲ್ಲ ಅಂಕಲ್!" ಎಂದಿತು ಇಡೀ ಹಾಲ್.

"ನಮಗೂ ಆಗಿರ್ಲಿಲ್ಲ." ಬಾಪ್ಪು ತಡಕಾಡಿ, ಪಕ್ಕದ ಡಬ್ಬದಿಂದ ಏನನ್ನೋ ತೆಗೆದು ಕ್ಯಾಮರಾದ ಹತ್ತಿರ ಹಿಡಿದರು. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದಾದ ಮರದ ಬಿಲ್ಲೆ. ಅಂಚು ಸವೆದಿತ್ತು. "ಐವತ್ತೇಳನೆಯದ್ದು ನನ್ನ ಮುಷ್ಟಿಯಲ್ಲೇ ಇತ್ತು. ಲಾಠಿ ಬಿದ್ರೂ ಮುಷ್ಟಿ ಬಿಡ್ಲಿಲ್ಲ. ಇವತ್ತು ಕೂಗ್ತೇನೆ. ಪೆನ್ನು ಹಿಡೀರಿ. ನಲ್ವತ್ತೊಂದು! ನಾಲ್ಕು, ಒಂದು, ನಲ್ವತ್ತೊಂದು!"

ನೂರಿಪ್ಪತ್ತು ತಲೆಗಳು ಬಾಗಿದವು. ಈ ಸಲ ಇಗ್ನೇಶಿಯಸನ ತಲೆಯೂ ಬಾಗಿತು.

ಒಂದು ಕ್ಷಣ. ಎರಡು ಕ್ಷಣ. ಮೊದಲ ಸಾಲಿನಲ್ಲಿ ಒಂದು ಕಿರುಚು: "ಹೌಸ್! ಫುಲ್ ಹೌಸ್!"

ಎಡ್ನಾ! ಸೀರೆಯ ಮಡಿಲು ಹಿಡಿದುಕೊಂಡೇ ವೇದಿಕೆಗೆ ಓಡಿದಳು. ಮೇಜಿನ ಮೇಲೆ ಒಂದೊಂದೇ ಚೂರು ಇಟ್ಟಳು. ನಾಲ್ಕು ಚೂರು. ಗಂಡ ಬಿಸಾಡಿದ ಟಿಕೆಟಿನ ಚೂರುಗಳನ್ನು ಕತ್ತಲಲ್ಲಿ ತೆವಳಿ ಹೆಕ್ಕಿ, ಮಡಿಲಲ್ಲಿ ಜೋಡಿಸಿ, ಮೊದಲು ಬಂದ ನಂಬರುಗಳನ್ನೂ ನೆನಪಿಟ್ಟು ಒಂದೂ ಬಿಡದೆ ಗೀಟು ಹಾಕಿದ್ದಳು. ಹದಿನೈದಕ್ಕೆ ಹದಿನೈದು.

"ಇಗ್ನೇಶ್, ನಿಮ್ಮ ಟಿಕೆಟು! ಬೊಂಬಾಯಿಗೆ ಹೋಗುವ! ಬಾಪ್ಪುವನ್ನು ನೋಡುವ!"

ಇಗ್ನೇಶಿಯಸನ ಕಣ್ಣಿನಲ್ಲಿ ನೀರು ತುಂಬಿತು. ಲಕೋಟೆಗೆ ಕೈ ಚಾಚಿದ. ಆದರೆ ಅದರ ಮೇಲೆ ಟೋನಿಯ ಅಂಗೈ ಮೊದಲೇ ಕೂತಿತ್ತು. ಟೋನಿಯ ಕಣ್ಣು ಈ ಸಲ ಛಾವಣಿ ನೋಡಲಿಲ್ಲ, ನೆಟ್ಟಗೆ ಇಗ್ನೇಶಿಯಸನನ್ನೇ ನೋಡಿತು.

"ನನಗೆ ಬಹಳ ಬೇಜಾರುಂಟು ಇಗ್ನೇಶ್. ಆದ್ರೆ ರೂಲು ರೂಲೇ." ಮೊಬೈಲು ತೆಗೆದು ನಿಧಾನಕ್ಕೆ ಓದಿದ: "ಕೂಟದ ಹೌಸಿ ನಿಯಮಾವಳಿ, ಕಲಮು ಏಳು. 'ಹರಿದ, ತಿದ್ದಿದ ಅಥವಾ ಜೋಡಿಸಿದ ಟಿಕೆಟು ಯಾವ ಕಾರಣಕ್ಕೂ ಊರ್ಜಿತವಲ್ಲ.' ಮೂರನೇ ಪರಿಷ್ಕರಣೆ. ಬರೆದು ಸೀಲು ಹಾಕಿದವರು..." ಟೋನಿ ಮೊಬೈಲನ್ನು ಮೆಲ್ಲಗೆ ಅವನ ಕಡೆ ತಿರುಗಿಸಿದ.

ಆ ಸೀಲನ್ನು ಇಗ್ನೇಶಿಯಸ್ ನಿದ್ದೆಯಲ್ಲೂ ಗುರುತು ಹಿಡಿಯಬಲ್ಲ.

"ಅದು ತಪ್ಪು ಕಲಮು ಸಾರ್, ತಿದ್ದಿಬಿಡಿ" ಎಂದರು ರಾಮಸ್ವಾಮಿ ಉದಾರವಾಗಿ.

"ಕಂಟ್ರೋಲ್ಡ್ ಡಾಕ್ಯುಮೆಂಟು" ಎಂದ ಇಗ್ನೇಶಿಯಸ್ ಸಣ್ಣ ದನಿಯಲ್ಲಿ. "ಹಾಗೆಲ್ಲ ತಿದ್ಲಿಕ್ಕಾಗುದಿಲ್ಲ."

"ಏನಾಯ್ತು? ಯಾರಿಗೆ ಬಂತು?" ಎಂದು ಲ್ಯಾಪ್‌ಟಾಪ್ ಕೇಳಿತು.

"ಯಾರಿಗೂ ಇಲ್ಲ ಬಾಪ್ಪು. ಬಂದದ್ದನ್ನು ನಾನೇ ಹರಿದೆ."

"ಭೇಷ್!" ಮುದುಕರು ಬೊರಿವಲಿಯಲ್ಲಿ ಮೇಜು ಗುದ್ದಿದ್ದು ಅಲ್ ಮನ್ಸೂರಾದಲ್ಲಿ ಕೇಳಿಸಿತು. "ನಮ್ಮ ರಕ್ತ! ಹಾಗಾದ್ರೆ ಆಟ ಮುಗೀಲಿಲ್ಲ. ಆಟ ಮುಗೀಲಿಲ್ಲ ಅಂದ್ರೆ ಮುಷ್ಕರವೂ ಮುಗೀಲಿಲ್ಲ. ಗೇಟು ಹಾಗೇ ಇರ್ಲಿ! ಬರುವ ವರ್ಷ ಪುನಃ ಹಾಕಿ, ಒಂದು ಸೆಕೆಂಡೂ ಕಟ್ ಮಾಡ್ದೆ!" ಜನ ಹುಚ್ಚೆದ್ದು ಚಪ್ಪಾಳೆ ತಟ್ಟಿದರು. ಬಿರಿಯಾನಿ ಬಂತು.

ವಾಪಸ್ ಬರುವಾಗ ಕಾರಿನಲ್ಲಿ ಎಡ್ನಾ ನಾಲ್ಕು ಚೂರುಗಳನ್ನು ಅಂಗೈಯಲ್ಲಿಟ್ಟು ಸಂತರ ಅಸ್ಥಿಯಂತೆ ನೋಡುತ್ತಿದ್ದಳು. ಲಿಫ್ಟಿನಲ್ಲಿ ಕೇಳಿದಳು: "ಮುಷ್ಕರ ಮುಗೀಲಿಲ್ಲ ಅಂದ್ರಲ್ಲ ಬಾಪ್ಪು?"

"ಹೌದು, ಮುಗೀಲಿಲ್ಲ!" ಎಂದ ಇಗ್ನೇಶಿಯಸ್, ಎದೆ ಉಬ್ಬಿಸಿ. ಇನ್ನೊಂದು ಗುಂಡಿ ಹಾರಿತು.

ಎಡ್ನಾ ಮುಂದೆ ಹೋಗಿ ಫ್ಲ್ಯಾಟಿನ ಬಾಗಿಲು ತೆಗೆದಳು. ಒಳಗೆ ಹೋದಳು. ಅವನ ಮೂಗಿನ ಎದುರು ಬಾಗಿಲು ಮುಚ್ಚಿ ಒಳಗಿನಿಂದ ಚಿಲಕ ಹಾಕಿದಳು.

"ಎಡ್ನಾ? ಎಡ್ನಾ!"

ಮಾತಿಲ್ಲ, ಸಂಗೀತವಿಲ್ಲ, ಕೆಮ್ಮೂ ಇಲ್ಲ. ಎದುರುಮನೆಯ ಬಾಗಿಲು ತೆರೆದು ರಾಮಸ್ವಾಮಿ, ಕಾಂತಾಮಣಿ ಇಬ್ಬರೂ ಕುರ್ಚಿ ತಂದು ಹಾಕಿ ಕೂತರು. ಹೂವಿನ ಅಂಗಿಯ ಇಗ್ನೇಶಿಯಸ್ ಮುಚ್ಚಿದ ಬಾಗಿಲಿನ ಎದುರು ಎದೆಯ ಮೇಲೆ ಕೈ ಕಟ್ಟಿ ನಿಂತ. ಸೋಲುವ ಜಾತಿಯಲ್ಲ ಅವನದ್ದು. ಮೊದಲ ಆರು ನಿಮಿಷ ಏನೂ ಆಗಲಿಲ್ಲ.